ಬೆಟ್ಟಕ್ಕೆ ಮೆಟ್ಟಿಲು ಕಟ್ಟಿದವರು

ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾದಲ್ಲಿ ಶುಕ್ರವಾರ ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದವರು ಶನಿವಾರ ಬೆಳಗಿನ ಹೊತ್ತಿಗೆ ಬನಾವೆ ಎಂಬ ಬೆಟ್ಟದೂರನ್ನು ತಲುಪುತ್ತಾರೆ. ನಡುವಿನ ದೂರ ಸುಮಾರು 350 ಕಿಲೋಮೀಟರ್. ರಾತ್ರಿಯೆಲ್ಲ ಬಯಲಿನ ಹೆದ್ದಾರಿಯಲ್ಲಿ ಓಡಿದ ಬಸ್ಸು ಬೆಳಗಿನ ಜಾವ ಘಟ್ಟ ಏರತೊಡಗುತ್ತದೆ. ಕಣ್ಣುಜ್ಜಿಕೊಂಡು ಕಿಟಕಿಯಾಚೆ ನೋಡಿದರೆ ಮಂಜು, ಮಂಜಿನ ನಡುವೆ ತಗಡಿನ ಮಾಡಿನ ಮನೆಗಳು, ಅವುಗಳ ಹಿಂದೆ ಬುಡದಿಂದ ನೆತ್ತಿಯ ಹತ್ತಿರದವರೆಗೂ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟಗಳು. ಒಂದೊಂದು ಮೆಟ್ಟಿಲೂ ಒಂದೊಂದು ಭತ್ತದ ಗದ್ದೆ.

ಊರಿನ ಮೇಲಿನ ದಾರಿಯಲ್ಲಿ ಪ್ರವಾಸಿಗರು ನಿಂತು ನೋಡಲು ಜಾಗ ಮಾಡಿದ್ದಾರೆ. ಹಕ್ಕಿಗರಿಯ ಶಿರೋಭೂಷಣ ತೊಟ್ಟು, ಕೆಂಪು ಪಟ್ಟೆಯ ನೇಯ್ಗೆ ಬಟ್ಟೆ ಉಟ್ಟ ಮುದುಕರು ಅಲ್ಲಿ ಕುಳಿತಿರುತ್ತಾರೆ. ಜೊತೆಗೆ ನಿಂತು ಫೋಟೊ ತೆಗೆಸಿಕೊಂಡವರು ಅವರಿಗೆ ನಾಲ್ಕು ಕಾಸು ಕೊಟ್ಟು ಮುಂದೆ ಹೋಗುತ್ತಾರೆ. ಈ ಗದ್ದೆಗಳಿಗೆ ಅಲ್ಲಿನವರು 'ಜಗತ್ತಿನ ಎಂಟನೆಯ ಅದ್ಭುತ' ಎಂಬ ಬಿರುದನ್ನು ಬಹಳ ಹಿಂದೆಯೇ ಕೊಟ್ಟಿದ್ದಾರೆ. 2010ರಲ್ಲಿ ಬಂದ 20 ಪೆಸೊ ನೋಟಿನ ಹಿಂಬದಿಯಲ್ಲಿ ಇವುಗಳ ಚಿತ್ರವನ್ನೇ ಅಚ್ಚು ಹಾಕಿಸಿದ್ದರು. 'ಇವು ಎಷ್ಟು ಹಳೆಯವು?' ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಎರಡು ಸಾವಿರ ವರ್ಷ.

ಆ ಉತ್ತರ ಸರಿಯೇ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ಎದ್ದಿದೆ. ಅದರ ಜೊತೆಗೆ ಇನ್ನೂ ತುರ್ತಾದ ಮತ್ತೊಂದು ಪ್ರಶ್ನೆಯಿದೆ. ಎದುರಿನ ಬೆಟ್ಟವನ್ನು ಸ್ವಲ್ಪ ಹೊತ್ತು ಗಮನಿಸಿ ನೋಡಿದರೆ, ಹಸಿರು ಮೆಟ್ಟಿಲುಗಳ ನಡುವೆ ಅಲ್ಲಲ್ಲಿ ಕುಸಿದ ಗೋಡೆಗಳು, ಹುಲ್ಲು ಬೆಳೆದ ಪಾಳು ಗದ್ದೆಗಳು ಕಾಣುತ್ತವೆ. ಅವನ್ನು ಮತ್ತೆ ಕಟ್ಟುವವರು ಯಾರು? ಗದ್ದೆಗಳ ವಯಸ್ಸಿಗೂ ಅವುಗಳ ನಾಳೆಗೂ ಏನು ಸಂಬಂಧ ಎಂದು ತಿಳಿಯಬೇಕಾದರೆ, ಇವನ್ನು ಕಟ್ಟಿದ ಜನರನ್ನೂ ಕಟ್ಟಿದ ಬಗೆಯನ್ನೂ ಮೊದಲು ನೋಡಬೇಕು.

ಗುಡ್ಡದ ಜನ

ಲೂಜಾನ್ ಫಿಲಿಪ್ಪೀನ್ಸಿನ ಅತಿ ದೊಡ್ಡ ದ್ವೀಪ. ಅದರ ಉತ್ತರ ಭಾಗದಲ್ಲಿ ಬೆನ್ನೆಲುಬಿನಂತೆ ಹಬ್ಬಿರುವ ಪರ್ವತಸಾಲಿಗೆ ಕಾರ್ಡಿಯೆರಾ ಎಂದು ಹೆಸರು. ಈ ಸಾಲಿನ ಪೂರ್ವದ ಇಳಿಜಾರಿನಲ್ಲಿ ಇಫುಗಾವೊ ಎಂಬ ಪ್ರಾಂತವಿದೆ. ಅಲ್ಲಿನ ಜನರಿಗೂ ಅವರ ಭಾಷೆಗೂ ಅದೇ ಹೆಸರು. 'ಪುಗೊ' ಎಂದರೆ ಗುಡ್ಡ. ಅದರ ಹಿಂದೆ 'ಇ' ಸೇರಿದರೆ ಗುಡ್ಡದವರು ಎಂದರ್ಥ. 1966ರವರೆಗೆ ಇದು ಮೌಂಟನ್ ಪ್ರಾವಿನ್ಸ್ ಎಂಬ ದೊಡ್ಡ ಪ್ರಾಂತದ ಭಾಗವಾಗಿತ್ತು. ಆ ವರ್ಷ ಬೇರೆಯಾಗಿ, ಲಗಾವೆ ಎಂಬ ಊರನ್ನು ಕೇಂದ್ರ ಮಾಡಿಕೊಂಡಿತು.

ಸ್ಪೇನಿನವರು 1571ರಲ್ಲಿ ಮನಿಲಾವನ್ನು ಹಿಡಿದು, ಮೂರು ಶತಮಾನಕ್ಕೂ ಹೆಚ್ಚು ಕಾಲ ಈ ದ್ವೀಪಗಳನ್ನು ಆಳಿದರು. ಬಯಲಿನ ಜನ ಅವರಿಗೆ ಕಪ್ಪ ಕೊಟ್ಟು, ಅವರ ಧರ್ಮವನ್ನು ಒಪ್ಪಿ, ಇಗರ್ಜಿಯ ಸುತ್ತ ಕಟ್ಟಿದ ಊರುಗಳಲ್ಲಿ ನೆಲೆಸಿದರು. ಇಫುಗಾವೊ ಬೆಟ್ಟಗಳು ಮಾತ್ರ ಪೂರ್ತಿಯಾಗಿ ಅವರ ಕೈಗೆ ಸಿಗಲಿಲ್ಲ. ದಂಡು ಹತ್ತಿ ಬಂದದ್ದೂ ಉಂಟು, ಹಿಂದಿರುಗಿದ್ದೂ ಉಂಟು. ಬಂದೂಕಿಗೆ ಬಗ್ಗದ ಈ ಜನರ ಬಳಿ ಇದ್ದದ್ದು ಈಟಿ, ಕತ್ತಿ, ಕಡಿದಾದ ಬೆಟ್ಟ ಮತ್ತು ಮನೆಯ ಕಣಜದಲ್ಲಿ ತುಂಬಿಟ್ಟ ಭತ್ತ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಅಗತ್ಯ ಬೀಳುತ್ತದೆ.

ಒಂದು ಗದ್ದೆ ಹುಟ್ಟುವ ಬಗೆ

ಬೆಟ್ಟದ ಮಣ್ಣನ್ನು ಕಡಿದು ಸಮ ಮಾಡಿದ ಮಾತ್ರಕ್ಕೆ ಭತ್ತದ ಗದ್ದೆಯಾಗುವುದಿಲ್ಲ. ಭತ್ತಕ್ಕೆ ನಿಂತ ನೀರು ಬೇಕು. ಇಳಿಜಾರಿನಲ್ಲಿ ನೀರು ನಿಲ್ಲಬೇಕಾದರೆ ಗೋಡೆ ಬೇಕು. ಗೋಡೆ ನಿಲ್ಲಬೇಕಾದರೆ ಅದರ ಹಿಂದಿನ ನೀರಿಗೆ ಹೊರಹೋಗಲು ದಾರಿ ಇರಬೇಕು. ಮೂರೂ ಒಟ್ಟಿಗೆ ಕೂಡಿಬರಬೇಕು ಎಂಬುದರಲ್ಲೇ ಇಫುಗಾವೊ ರೈತರ ಜಾಣ್ಮೆ ಅಡಗಿದೆ.

ಕೆಲಸ ಕೆಳಗಿನಿಂದ ಶುರುವಾಗುತ್ತದೆ. ಹೊಳೆಯಿಂದ ಹೊತ್ತು ತಂದ ದೊಡ್ಡ ಕಲ್ಲುಗಳನ್ನು ಬುಡಕ್ಕೆ ಹಾಕಿ, ಗಾರೆ ಸುಣ್ಣ ಏನೂ ಇಲ್ಲದೆ, ಒಂದರ ಮೇಲೊಂದು ಹೊಂದಿಸುತ್ತಾ ಗೋಡೆಯನ್ನು ಎಬ್ಬಿಸುತ್ತಾರೆ. ಗೋಡೆ ನೆಟ್ಟಗೆ ನಿಲ್ಲದೆ ಬೆಟ್ಟದ ಕಡೆಗೆ ಸ್ವಲ್ಪ ಒರಗಿರುತ್ತದೆ. ಅದರ ಹಿಂದೆ ಜಲ್ಲಿ ಮತ್ತು ಹರಳು ತುಂಬಿ, ಮೇಲೆ ಜಿಗುಟು ಮಣ್ಣನ್ನು ತುಳಿದು ಗಟ್ಟಿ ಮಾಡಿ, ಅದರ ಮೇಲೆ ಬೆಳೆ ಬೆಳೆಯುವ ಮೆತ್ತನೆಯ ಮಣ್ಣನ್ನು ಹರಡುತ್ತಾರೆ. ಜಿಗುಟು ಮಣ್ಣಿನ ಪದರ ನೀರನ್ನು ಹಿಡಿದಿಡುತ್ತದೆ. ಹೆಚ್ಚಾಗಿ ಇಳಿದ ನೀರು ಜಲ್ಲಿಯ ಪದರದ ಮೂಲಕ ಜಾರಿ, ಕಲ್ಲುಗಳ ಸಂದಿಯಿಂದ ಹೊರಗೆ ಹೋಗುತ್ತದೆ. ಕಲ್ಲು ಸಿಗದ ಕಡೆ ಬರಿ ಮಣ್ಣಿನ ಗೋಡೆಯೇ ಉಂಟು. ಕೆಲವೆಡೆ ಗೋಡೆ ಮೂರಾಳು ಎತ್ತರ, ಅದು ಹಿಡಿದಿಟ್ಟ ಗದ್ದೆ ನಾಲ್ಕು ಹೆಜ್ಜೆ ಅಗಲ. ಎತ್ತುಗಳನ್ನು ಹೂಡಲು ಜಾಗವಿಲ್ಲ. ಕಾಲಿನಲ್ಲಿ ತುಳಿದು, ಮರದ ಸಲಿಕೆಯಲ್ಲಿ ಮಗುಚಿ ಗದ್ದೆ ಹದ ಮಾಡಬೇಕು.

ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ತೂಬಿನ ಮೂಲಕ ಇಳಿಯುತ್ತದೆ. ಹಳ್ಳವನ್ನೋ ಕಮರಿಯನ್ನೋ ದಾಟಬೇಕಾದ ಕಡೆ ಬಿದಿರಿನ ದೋಣಿ ಕಟ್ಟಿ ಹಾಯಿಸುತ್ತಾರೆ. ಸುಗ್ಗಿ ಮುಗಿದ ಮೇಲೂ ಗದ್ದೆಯನ್ನು ಒಣಗಲು ಬಿಡುವುದಿಲ್ಲ. ಒಣಗಿದರೆ ಜಿಗುಟು ಮಣ್ಣು ಬಿರುಕು ಬಿಟ್ಟು, ಮುಂದಿನ ಮಳೆಗೆ ನೀರು ಆ ಬಿರುಕಿನಲ್ಲಿ ನುಗ್ಗಿ ಗೋಡೆಯನ್ನೇ ನೂಕಿಬಿಡುತ್ತದೆ. ಹೀಗಾಗಿ ಬೆಳೆಯಿಲ್ಲದ ತಿಂಗಳುಗಳಲ್ಲಿಯೂ ಗದ್ದೆ ತುಂಬ ನೀರು ನಿಂತಿರುತ್ತದೆ. ಕಿತ್ತ ಕಳೆಯನ್ನು, ಕೊಳೆತ ಹುಲ್ಲನ್ನು ಅದರ ನಡುವೆ ಗುಡ್ಡೆ ಹಾಕಿ, ಆ ಗುಡ್ಡೆಗಳ ಮೇಲೆ ತರಕಾರಿ ಬೆಳೆಯುತ್ತಾರೆ. ನೀರಿನಲ್ಲಿ ಮೀನು, ನಾಡು ಶಂಖಹುಳು ಸಿಗುತ್ತವೆ. ಗುಡ್ಡೆ ಕೊಳೆತು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ.

ಇಷ್ಟೆಲ್ಲಕ್ಕೂ ಮೂಲವಾದ ನೀರು ಬರುವುದು ಗದ್ದೆಗಳ ಮೇಲಿನ ಕಾಡಿನಿಂದ. ಈ ಕಾಡಿಗೆ ಅವರ ಮಾತಿನಲ್ಲಿ 'ಮುಯೊಂಗ್' ಎಂದು ಹೆಸರು. ಇದು ಸರ್ಕಾರದ ಕಾಡಲ್ಲ, ದೇವರ ಬನವೂ ಅಲ್ಲ. ಒಂದೊಂದು ಮನೆತನಕ್ಕೆ ಸೇರಿದ, ಆ ಮನೆಯವರೇ ನೆಟ್ಟು ಸವರಿ ಕಾಪಾಡುವ ಕಾಡು. ಸೌದೆ, ಮನೆಗೆ ಬೇಕಾದ ಮರ, ಬೆತ್ತ, ಔಷಧಿಯ ಬೇರು, ಹಣ್ಣು ಎಲ್ಲವೂ ಅದರಿಂದಲೇ. ಸುರಿದ ಮಳೆಯನ್ನು ಹೀರಿ ಬೇಸಿಗೆಯವರೆಗೂ ಸ್ವಲ್ಪಸ್ವಲ್ಪವಾಗಿ ಒಸರಿಸುವುದೂ ಅದೇ. ಕೊಡಗಿನಲ್ಲಿ ಗದ್ದೆಯ ಜೊತೆಗೆ ಸೊಪ್ಪು, ಸೌದೆಗೆಂದು ಬಾಣೆ ಜಮೀನು ಇರುವುದನ್ನೂ, ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟ ಇರುವುದನ್ನೂ ಬಲ್ಲ ನಮ್ಮವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಟ್ಟದ ಬೇಸಾಯ ಎಲ್ಲಿದ್ದರೂ ನೆತ್ತಿಯ ಮರವನ್ನು ಕಡಿದರೆ ಬುಡದ ಬೆಳೆ ಕೆಟ್ಟಿತೆಂದೇ ಲೆಕ್ಕ.

ನೀರಿನ ನ್ಯಾಯ

ಮೇಲಿನವನು ತೂಬು ಮುಚ್ಚಿದರೆ ಕೆಳಗಿನವನು ಉಪವಾಸ. ಇಂಥ ಕಡೆ ರಾಜನಿಲ್ಲದೆ, ಕಚೇರಿಯಿಲ್ಲದೆ ಜನ ಹೇಗೆ ಬಾಳಿದರು? ಇಫುಗಾವೊ ಜನರಿಗೆ ಅರಸರಿರಲಿಲ್ಲ. ಶ್ರೀಮಂತ ಮನೆತನಗಳಿದ್ದವು. ಅವಕ್ಕೆ 'ಕಡಂಗ್ಯಾನ್' ಎನ್ನುತ್ತಾರೆ. ಅವರ ಮಾತಿಗೆ ತೂಕವಿದ್ದರೂ ಅಪ್ಪಣೆ ಮಾಡುವ ಅಧಿಕಾರವಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಶಾಲಾ ಶಿಕ್ಷಕರಾಗಿ ಅಲ್ಲಿಗೆ ಬಂದ ಅಮೆರಿಕದ ರಾಯ್ ಬಾರ್ಟನ್ ಅವರಿಗೆ ಈ ಸಂಗತಿ ಅಚ್ಚರಿ ತಂದಿತು. ಅವರು ಹಿರಿಯರನ್ನು ಕೇಳಿ ಕೇಳಿ ಅಲ್ಲಿನ ಕಟ್ಟುಪಾಡುಗಳನ್ನು ಬರೆದುಕೊಂಡು, 1919ರಲ್ಲಿ 'ಇಫುಗಾವೊ ಲಾ' ಎಂಬ ಪುಸ್ತಕ ಪ್ರಕಟಿಸಿದರು.

ಆ ಕಟ್ಟುಪಾಡುಗಳಲ್ಲಿ ನೀರಿನದೇ ಒಂದು ಭಾಗ. ಒಂದು ಗದ್ದೆಯ ಸಾಲಿಗೆ ಮೊದಲಿನಿಂದ ಹರಿಯುತ್ತಿದ್ದ ನೀರನ್ನು ಯಾರೂ ಬೇರೆ ಕಡೆಗೆ ತಿರುಗಿಸುವಂತಿಲ್ಲ. ಹೊಸ ಗದ್ದೆ ನೀರಿನ ಕಣ್ಣಿಗೆ ಇನ್ನೂ ಹತ್ತಿರದಲ್ಲಿದ್ದರೂ ಹಳೆಯ ಗದ್ದೆಯದೇ ಮೊದಲ ಹಕ್ಕು. ಕಾಲುವೆ ತೋಡಿದವರು ಅದರಲ್ಲಿ ಪಾಲು ಮಾರಬಹುದು. ಆದರೆ ಪಾಲು ಕೊಂಡವನು ದುರಸ್ತಿಗೂ ಕೈ ಹಾಕಬೇಕು. ಬರೆದಿಡದ ಈ ಕಾನೂನು ನಡೆದುಬಂದದ್ದು ಎರಡೂ ಕಡೆಯ ನೆಂಟರ ಒತ್ತಾಸೆಯಿಂದ, ಮಧ್ಯಸ್ಥರ ಓಡಾಟದಿಂದ.

ಅಕ್ಕಿಯ ವರ್ಷ

ಬನಾವೆಯ ಎದುರಿನ ನೋಟ ಮುಗಿಸಿದ ಪ್ರವಾಸಿಗರು ಸಾಮಾನ್ಯವಾಗಿ ಬಟಾಡ್ ಎಂಬ ಹಳ್ಳಿಗೆ ಹೊರಡುತ್ತಾರೆ. ಜೀಪಿನಂಥ ಗಾಡಿಯಲ್ಲಿ ರಸ್ತೆ ಕೊನೆಯಾಗುವವರೆಗೆ ಹೋಗಿ, ಅಲ್ಲಿಂದ ನಡೆದು ಇಳಿಯಬೇಕು. ತಿರುವು ದಾಟಿದೊಡನೆ ಎದುರಿಗೆ ತೆರೆದುಕೊಳ್ಳುವ ದೃಶ್ಯವನ್ನು ದೊಡ್ಡ ಬಯಲು ರಂಗಮಂದಿರಕ್ಕೆ ಹೋಲಿಸುವುದುಂಟು. ಅರ್ಧಚಂದ್ರಾಕಾರದ ಬೆಟ್ಟದ ಮೈತುಂಬ ಕಲ್ಲುಗೋಡೆಯ ಗದ್ದೆಗಳು, ತಳದಲ್ಲಿ ಪುಟ್ಟ ಹಳ್ಳಿ, ಆಚೆ ಕಣಿವೆಯಲ್ಲಿ ತಪ್ಪಿಯಾ ಜಲಪಾತ. ಗದ್ದೆಯ ಬದುವಿನ ಮೇಲೆಯೇ ಕಾಲುದಾರಿ. ಒಂದು ಕಡೆ ಕೆಸರು, ಇನ್ನೊಂದು ಕಡೆ ಆಳ.

ಹಳ್ಳಿಯಲ್ಲಿ ಹಳೆಯ ಮಾದರಿಯ ಮನೆಗಳು ಇನ್ನೂ ಕೆಲವಿವೆ. ನಾಲ್ಕು ಮರದ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಒಂದೇ ಕೋಣೆಯ ಮನೆ, ಮೇಲೆ ಕೊಪ್ಪರಿಗೆ ಕವುಚಿಟ್ಟಂತೆ ಇಳಿಬಿದ್ದ ಹುಲ್ಲಿನ ಮಾಡು. ಒಂದೂ ಮೊಳೆಯಿಲ್ಲ, ಬಿಚ್ಚಿಕೊಂಡು ಹೋಗಿ ಬೇರೆಡೆ ಜೋಡಿಸಬಹುದು. ಇಲಿ ಹತ್ತದಂತೆ ಪ್ರತಿ ಕಂಬಕ್ಕೂ ಮರದ ಬಿಲ್ಲೆ ತೊಡಿಸಿರುತ್ತಾರೆ. ಮಾಡಿನ ಒಳಗಡೆ ಭತ್ತದ ಕಟ್ಟುಗಳನ್ನು ಜೋಡಿಸಿಡುತ್ತಾರೆ. ಕೆಳಗೆ ಒಲೆ ಉರಿಯುವುದರಿಂದ ಅದರ ಹೊಗೆಗೆ ಭತ್ತಕ್ಕೆ ಹುಳು ಹಿಡಿಯುವುದಿಲ್ಲ. ಮನೆಯೇ ಕಣಜ, ಕಣಜವೇ ಮನೆ. ಕಣಜ ಕಾಯಲು 'ಬುಲುಲ್' ಎಂಬ ಮರದ ದೇವರು. ಕುಳಿತ ಅಥವಾ ನಿಂತ ಭಂಗಿಯ ಈ ಜೋಡಿ ಮೂರ್ತಿಗಳು ಈಗ ಜಗತ್ತಿನ ಅನೇಕ ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆ ಸೇರಿವೆ.

ಇಲ್ಲಿನ ನಾಡು ಭತ್ತಕ್ಕೆ 'ತಿನಾವೊನ್' ಎಂದು ಹೆಸರು. 'ತಾವೊನ್' ಎಂದರೆ ವರ್ಷ. ವರ್ಷಕ್ಕೊಂದೇ ಬೆಳೆ ಕೊಡುವ ಭತ್ತ ಎಂಬ ಅರ್ಥ ಹೆಸರಿನಲ್ಲೇ ಇದೆ. ಚಳಿಗೆ ಒಗ್ಗಿದ ತಳಿ. ಡಿಸೆಂಬರ್ ಸುಮಾರಿಗೆ ಸಸಿಮಡಿ, ವರ್ಷದ ಮೊದಲ ತಿಂಗಳುಗಳಲ್ಲಿ ನಾಟಿ, ಏಪ್ರಿಲ್ ಮೇ ತಿಂಗಳಲ್ಲಿ ಕಣ್ತುಂಬುವ ಹಸಿರು, ಜೂನ್‌ನಿಂದ ಆಗಸ್ಟ್ ಒಳಗೆ ಕೊಯ್ಲು. ಪ್ರತಿ ಸೀಮೆಗೂ ಒಂದು ಹಿರಿಯ ಗದ್ದೆ ಉಂಟು. ಅದರ ಒಡೆಯನಿಗೆ ಅಥವಾ ಒಡತಿಗೆ 'ತುಮೊನಾ' ಎನ್ನುತ್ತಾರೆ. ಮೊದಲ ನಾಟಿಯೂ ಮೊದಲ ಕೊಯ್ಲೂ ಅಲ್ಲಿಯೇ ಆಗಬೇಕು. ಅದಾದ ಮೇಲೆ ಉಳಿದವರದು. ಮಲೆನಾಡಿನ ಮುಯ್ಯಾಳಿನಂತೆ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗಿ ದುಡಿಯುವ ಪದ್ಧತಿ ಇಲ್ಲಿಯೂ ಇದೆ. ತೆನೆಯನ್ನು ಕುಡುಗೋಲಿನಿಂದ ಸವರುವುದಿಲ್ಲ. ಅಂಗೈಯಲ್ಲಿ ಅಡಗುವ ಪುಟ್ಟ ಅಲಗಿನಿಂದ ಒಂದೊಂದಾಗಿ ಕೊಯ್ದು ಕಟ್ಟು ಕಟ್ಟುತ್ತಾರೆ.

ಆ ಕೊಯ್ಲಿನ ನಡುವೆ ಹೆಂಗಸರು ಹಾಡುವ ಕಥನಗೀತಕ್ಕೆ 'ಹುಧುದ್' ಎಂದು ಹೆಸರು. ಹಿರಿಯಳೊಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಅಲಿಗುಯೋನ್ ಎಂಬ ವೀರನ ಸಾಹಸ ಇವುಗಳಲ್ಲಿ ಪ್ರಸಿದ್ಧವಾದದ್ದು. ಇಂಥ ಇನ್ನೂರಕ್ಕೂ ಹೆಚ್ಚು ಹಾಡುಗಳಿವೆ, ಒಂದನ್ನು ಪೂರ್ತಿ ಹಾಡಲು ದಿನಗಳೇ ಬೇಕು. 2001ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಮೌಖಿಕ ಪರಂಪರೆಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ಸಾರಿತು. ಸುಗ್ಗಿ ಮುಗಿದ ದಿನ ಹುಂಗ್ದುವಾನ್ ಸೀಮೆಯಲ್ಲಿ ಹೊಳೆಯ ನೀರಿಗಿಳಿದು ಊರು ಊರುಗಳ ನಡುವೆ ಜಗ್ಗಾಟ ನಡೆಯುತ್ತದೆ. 'ಪುನ್ನುಕ್' ಎಂಬ ಆ ಆಚರಣೆಯೂ 2015ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ವಯಸ್ಸಿನ ಜಗಳ

ಈಗ ಮೊದಲ ಪ್ರಶ್ನೆಗೆ ಬರೋಣ. ಎರಡು ಸಾವಿರ ವರ್ಷದ ಲೆಕ್ಕ ಎಲ್ಲಿಂದ ಬಂತು?

ಅಮೆರಿಕದವರು ಫಿಲಿಪ್ಪೀನ್ಸನ್ನು ಆಳುತ್ತಿದ್ದಾಗ, 1905ರಲ್ಲಿ, ಹೆನ್ರಿ ಓಟ್ಲಿ ಬೇಯರ್ ಎಂಬ ತರುಣ ಅಲ್ಲಿಗೆ ಬಂದರು. ಇಫುಗಾವೊ ಸೀಮೆಯಲ್ಲಿ ನೆಲೆಸಿ, ಅಲ್ಲಿನ ಹೆಣ್ಣನ್ನೇ ಮದುವೆಯಾಗಿ, ಮುಂದೆ ಆ ದೇಶದ ಮಾನವಶಾಸ್ತ್ರಕ್ಕೆ ಅಡಿಪಾಯ ಹಾಕಿದವರೆಂದು ಹೆಸರಾದರು. ಬೆಟ್ಟದ ಮೇಲೆ ಕಟ್ಟಿದ ಗೋಡೆಗಳ ಉದ್ದ, ಬೇಕಾದ ಕಲ್ಲು, ಇದ್ದ ಜನ ಇವನ್ನೆಲ್ಲ ನೋಡಿ, ಇಷ್ಟನ್ನು ಕಟ್ಟಲು ಎರಡರಿಂದ ಮೂರು ಸಾವಿರ ವರ್ಷವಾದರೂ ಹಿಡಿದಿರಬೇಕು ಎಂದು ಅವರು ಅಂದಾಜು ಮಾಡಿದರು. ಬಾರ್ಟನ್ ಅವರ ಅಭಿಪ್ರಾಯವೂ ಅದಕ್ಕೆ ಹತ್ತಿರವಿತ್ತು. ಆ ಅಂದಾಜು ಶಾಲೆಯ ಪಠ್ಯಪುಸ್ತಕಕ್ಕೆ ಹೋಯಿತು, ಅಲ್ಲಿಂದ ಪ್ರವಾಸಿ ಕೈಪಿಡಿಗಳಿಗೆ ಬಂತು. 1995ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಾಡಿದ ವರ್ಣನೆಯಲ್ಲಿಯೂ ಎರಡು ಸಾವಿರ ವರ್ಷದ ಮಾತಿದೆ.

ಸಂಶಯ ಪಟ್ಟವರೂ ಇದ್ದರು. ಮಾನವಶಾಸ್ತ್ರಜ್ಞ ಫೆಲಿಕ್ಸ್ ಕೀಸಿಂಗ್ ಸ್ಪೇನಿನವರ ದಾಖಲೆಗಳನ್ನು ಓದಿ, 1962ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬೇರೆಯೇ ವಾದ ಮಂಡಿಸಿದರು. ಬಯಲಿಗೆ ಸ್ಪೇನಿನವರು ಬಂದಾಗ ಅವರಿಗೆ ತಲೆಬಾಗಲು ಒಪ್ಪದ ಜನ ಬೆಟ್ಟ ಏರಿ ಈ ಗದ್ದೆಗಳನ್ನು ಕಟ್ಟಿಕೊಂಡಿರಬೇಕು ಎಂಬುದು ಅವರ ವಾದ. ಆಗ ಅದು ಊಹೆಯೆನಿಸಿತ್ತು. ಅದಕ್ಕೆ ಮಣ್ಣಿನೊಳಗಿನ ಸಾಕ್ಷ್ಯ ಸಿಕ್ಕಿದ್ದು ಈಚೆಗೆ. ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ಗೋಡೆಗಳ ಅಡಿಯಲ್ಲಿ ಸಿಕ್ಕ ಇದ್ದಿಲಿನ ಚೂರುಗಳ ಕಾಲವನ್ನು ಕಂಡುಹಿಡಿದು 2009ರಲ್ಲಿ ಮೊದಲ ಫಲಿತಾಂಶ ಪ್ರಕಟಿಸಿದರು. ಅನಂತರ ಅವರ ತಂಡ ಕಿಯಾಂಗನ್ ಬಳಿ ಹಳೆಯ ಊರಿನ ನಿವೇಶನವೊಂದನ್ನು ಸ್ಥಳೀಯರ ಜೊತೆಗೂಡಿ ಅಗೆಯಿತು. ಅಲ್ಲಿನ ಹಳೆಯ ಪದರಗಳಲ್ಲಿ ಕೆಸುವಿನ ಗುರುತು ಸಿಕ್ಕಿತೇ ಹೊರತು ನೀರುಗದ್ದೆಯ ಭತ್ತದ್ದಲ್ಲ. ಭತ್ತ ಕಾಣಿಸಿಕೊಳ್ಳುವುದು ಸುಮಾರು 1600ರ ಈಚೆಗೆ, ಎಂದರೆ ಸ್ಪೇನಿನವರು ಕೆಳಗಿನ ಕಣಿವೆಗಳಿಗೆ ಕಾಲಿಟ್ಟ ಮೇಲೆ. ಅದೇ ಕಾಲದಿಂದ ಹೊರಗಿನಿಂದ ತರಿಸಿದ ಪಿಂಗಾಣಿ, ಗಾಜಿನ ಮಣಿಗಳೂ ಹೆಚ್ಚುತ್ತವೆ.

ಇದರಿಂದ ಹೊರಡುವ ಕಥೆ ಹೀಗಿದೆ. ಬೆಟ್ಟದಲ್ಲಿ ಮೊದಲಿನಿಂದಲೂ ಜನರಿದ್ದರು, ಚಿಕ್ಕ ಪ್ರಮಾಣದಲ್ಲಿ ಕೆಸು ಬೆಳೆಯುತ್ತಿದ್ದರು. ಬಯಲಿನಲ್ಲಿ ದೊಡ್ಡ ಶಕ್ತಿಯೊಂದು ಬಂದು ನಿಂತಾಗ, ಓಡಿಬಂದವರೂ ಇದ್ದವರೂ ಸೇರಿ ಜನಸಂಖ್ಯೆ ಬೆಳೆಯಿತು. ವರ್ಷಗಟ್ಟಲೆ ಕೂಡಿಡಬಹುದಾದ, ಹಬ್ಬದೂಟ ಹಾಕಿ ಜನರನ್ನು ಒಗ್ಗೂಡಿಸಬಹುದಾದ ಬೆಳೆ ಬೇಕಾಯಿತು. ಕೆಸುವಿನ ಪಾತಿಗಳು ಭತ್ತದ ಗದ್ದೆಗಳಾದವು. ಎರಡು ಮೂರು ಶತಮಾನಗಳಲ್ಲಿ ಬೆಟ್ಟಕ್ಕೆ ಬೆಟ್ಟವೇ ಮೆಟ್ಟಿಲಾಯಿತು. ಸ್ಪೇನಿನವರಿಗೆ ಬಗ್ಗದ ಜನರ ಬಳಿ ಕಣಜ ತುಂಬಿದ ಭತ್ತವಿತ್ತು ಎಂದು ಮೊದಲು ಹೇಳಿದ್ದು ಈ ಕಾರಣಕ್ಕೆ. ಎಲ್ಲ ಸೀಮೆಯ ಎಲ್ಲ ಗದ್ದೆಗಳನ್ನೂ ಹೀಗೆ ಅಗೆದು ನೋಡಿಲ್ಲ, ವಿದ್ವಾಂಸರ ಚರ್ಚೆ ಮುಗಿದಿಲ್ಲ. ಆದರೂ ಎರಡು ಸಾವಿರ ವರ್ಷ ಎಂಬ ಲೆಕ್ಕಕ್ಕೆ ಅಂದಾಜಿನ ಹೊರತು ಬೇರೆ ಆಧಾರವಿರಲಿಲ್ಲ ಎಂಬುದನ್ನು ಈ ಅಗೆತ ತೋರಿಸಿಕೊಟ್ಟಿದೆ.

ಕೆಲವರಿಗೆ ಇದು ಹಿಡಿಸಲಿಲ್ಲ. ವಯಸ್ಸು ಕಡಿಮೆಯಾದರೆ ಹೆಮ್ಮೆಯೂ ಕಡಿಮೆಯಾದೀತು ಎಂಬ ಅಳುಕು ಸಹಜ. ನಮ್ಮಲ್ಲಿಯೂ ದೇವಸ್ಥಾನಕ್ಕೆ, ಕೋಟೆಗೆ, ಊರಿಗೆ ನೂರಿನ್ನೂರು ವರ್ಷ ಹೆಚ್ಚು ಹೇಳುವ ಆಸೆ ಎಲ್ಲ ಕಡೆ ಇದೆ. ಆದರೆ ಸ್ವಲ್ಪ ಯೋಚಿಸಿದರೆ ಹೊಸ ಲೆಕ್ಕವೇ ಹೆಚ್ಚು ಗೌರವದ್ದೆಂದು ತೋರುತ್ತದೆ. ಎರಡು ಸಾವಿರ ವರ್ಷದ ಕಥೆಯಲ್ಲಿ ಇಫುಗಾವೊ ಜನ ಜಗತ್ತಿನ ಸುದ್ದಿಯೇ ಇಲ್ಲದೆ ಮೂಲೆಯಲ್ಲಿ ಬದಲಾಗದೆ ಉಳಿದವರು. ನಾಲ್ಕು ನೂರು ವರ್ಷದ ಕಥೆಯಲ್ಲಿ ಅವರು ಕಾಲವನ್ನು ನೋಡಿ, ಅಪಾಯವನ್ನು ಅಳೆದು, ಬೇಸಾಯವನ್ನೇ ಬದಲಿಸಿ ತಮ್ಮತನ ಉಳಿಸಿಕೊಂಡವರು.

ಕುಸಿಯುವ ಗೋಡೆ

1995ರ ಪಟ್ಟಿಯಲ್ಲಿ ಸೇರಿದ್ದು ಐದು ಗದ್ದೆ ಸಮೂಹಗಳು: ಬಟಾಡ್, ಬಂಗಾನ್, ಮಯೋಯಾವ್, ಹುಂಗ್ದುವಾನ್ ಮತ್ತು ಕಿಯಾಂಗನ್ನಿನ ನಗಕಾದನ್. ಪ್ರವಾಸಿಗರು ಮೊದಲು ನೋಡುವ, ನೋಟಿನಿಂದ ಹೆಸರಾದ ಬನಾವೆ ಪಟ್ಟಣದೆದುರಿನ ಗದ್ದೆಗಳು ಅದರಲ್ಲಿಲ್ಲ. ಅಲ್ಲಿ ಹೊಸ ಕಟ್ಟಡಗಳು ಎದ್ದಿದ್ದೇ ಕಾರಣ. ಆರು ವರ್ಷ ಕಳೆಯುವುದರೊಳಗೆ, 2001ರಲ್ಲಿ, ಪಟ್ಟಿಯಲ್ಲಿದ್ದ ಐದನ್ನೂ ಅಪಾಯದಲ್ಲಿರುವ ಪರಂಪರೆಯೆಂದು ಘೋಷಿಸಬೇಕಾಯಿತು. ಗೋಡೆಗಳ, ಕಾಲುವೆಗಳ ದುರಸ್ತಿ ನಡೆದು, ಆ ಪಟ್ಟಿಯಿಂದ ಹೊರಬಂದದ್ದು 2012ರಲ್ಲಿ.

ಅಪಾಯ ಯಾವ ದಿಕ್ಕಿನಿಂದ ಬಂತು? ಒಂದೇ ಕಡೆಯಿಂದಲ್ಲ. ವರ್ಷಕ್ಕೆ ಸುಮಾರು ಇಪ್ಪತ್ತು ಚಂಡಮಾರುತಗಳು ಹಾಯುವ ದೇಶ ಅದು. ಗೋಡೆಗಳು ಮೊದಲಿನಿಂದಲೂ ಕುಸಿಯುತ್ತಿದ್ದವು. ಕುಸಿದ ವಾರದಲ್ಲೇ ಹತ್ತು ಮನೆಯವರು ಸೇರಿ ಎತ್ತಿ ಕಟ್ಟುತ್ತಿದ್ದರು. ಈಗ ಹತ್ತು ಮನೆಗಳಲ್ಲಿ ಗಟ್ಟಿಮುಟ್ಟಾದ ಕೈಗಳು ಕಡಿಮೆ. ಹುಡುಗರು ಓದಿ ಬಾಗ್ಯೊ, ಮನಿಲಾ, ಕೊನೆಗೆ ಹೊರದೇಶಗಳನ್ನೂ ಸೇರಿದ್ದಾರೆ. ಸಂಪ್ರದಾಯದಂತೆ ಗದ್ದೆಯನ್ನು ಹೋಳು ಮಾಡದೆ ಮೊದಲ ಮಗುವಿಗೆ, ಅದು ಗಂಡಾಗಲಿ ಹೆಣ್ಣಾಗಲಿ, ಕೊಟ್ಟುಬಿಡುತ್ತಾರೆ. ಗದ್ದೆ ಚೂರಾಗದೆ ಉಳಿಯಲು ಇದು ಒಳ್ಳೆಯ ಉಪಾಯ. ಆದರೆ ಕಿರಿಯರು ಹಿಂದೆ ಕುಮರಿ ಕಡಿದು ಗೆಣಸು ಬೆಳೆದು ಅಥವಾ ಹೊಸ ಗದ್ದೆ ಕಟ್ಟಿ ಬದುಕುತ್ತಿದ್ದರು, ಈಗ ಬಸ್ಸು ಹತ್ತುತ್ತಾರೆ. ಎಷ್ಟೋ ಕಡೆ ಗದ್ದೆ ಸಿಕ್ಕ ಹಿರಿಯರೂ ಅದನ್ನೇ ಮಾಡುತ್ತಿದ್ದಾರೆ.

ಅವರನ್ನು ದೂರುವಂತಿಲ್ಲ. ವರ್ಷಕ್ಕೊಂದೇ ಬೆಳೆ, ಅದೂ ಬಹಳ ಮನೆಗಳಿಗೆ ವರ್ಷಪೂರ್ತಿ ಸಾಲದು. ಉಳಿದ ತಿಂಗಳು ಗೆಣಸು, ಇಲ್ಲವೇ ಪೇಟೆಯ ಅಕ್ಕಿ. ಆ ಪೇಟೆಯ ಅಕ್ಕಿಯ ಹಿಂದೆ ನಮಗೂ ಗೊತ್ತಿರುವ ಕಥೆಯಿದೆ. 1960ರಲ್ಲಿ ಅದೇ ಲೂಜಾನ್ ದ್ವೀಪದ ಲಾಸ್ ಬಾನ್ಯೋಸ್‌ನಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಶುರುವಾಯಿತು. 1966ರಲ್ಲಿ ಅಲ್ಲಿಂದ ಹೊರಬಂದ ಐ.ಆರ್. 8, ಅದರ ಹಿಂದೆ ಬಂದ ಐ.ಆರ್. 20 ತಳಿಗಳ ಹೆಸರು ಕರ್ನಾಟಕದ ರೈತರಿಗೆ ಹೊಸದಲ್ಲ. ಗೊಬ್ಬರ ಹಾಕಿದಷ್ಟೂ ಇಳುವರಿ ಕೊಡುವ ಈ ಗಿಡ್ಡ ತಳಿಗಳು ಬಯಲಿನಲ್ಲಿ ಅಕ್ಕಿಯನ್ನು ಅಗ್ಗ ಮಾಡಿದವು. ತಣ್ಣನೆಯ ಬೆಟ್ಟದಲ್ಲಿ ಕೈಯಲ್ಲೇ ದುಡಿದು ಬೆಳೆದ ತಿನಾವೊನ್ ಲೆಕ್ಕದಲ್ಲಿ ಸೋತಿತು.

ಇನ್ನೊಂದು ಅಪಾಯ ಬಂದದ್ದು ಒಳ್ಳೆಯ ಉದ್ದೇಶದಿಂದ. 1980ರ ದಶಕದಲ್ಲಿ ಬಡವರಿಗೆ ಅಗ್ಗದ ಪೌಷ್ಟಿಕ ಆಹಾರವಾಗಲಿ ಎಂದು ದಕ್ಷಿಣ ಅಮೆರಿಕ ಮೂಲದ ಶಂಖಹುಳುವನ್ನು ಫಿಲಿಪ್ಪೀನ್ಸಿಗೆ ತಂದರು. ತಿನ್ನುವವರು ಕಡಿಮೆಯಾಗಿ, ಅದೇ ಎಳೆಯ ಸಸಿಗಳನ್ನು ತಿನ್ನುವ ಪಿಡುಗಾಯಿತು. ದೈತ್ಯ ಎರೆಹುಳುಗಳು ಬದುಗಳಲ್ಲಿ ಬಿಲ ಕೊರೆದು ನೀರು ಸೋರಿಸುತ್ತವೆ ಎಂಬ ದೂರೂ ಇದೆ. ಪ್ರವಾಸಿಗರಿಗೆ ಮಾರುವ ಮರದ ಗೊಂಬೆಗಳ ಕೆತ್ತನೆಗೆ ಮುಯೊಂಗ್‌ನ ಮರಗಳೇ ಉರುಳಿದವು. ಕ್ರೈಸ್ತ ಧರ್ಮ ಹರಡಿದ ಮೇಲೆ, ಬೇಸಾಯದ ಒಂದೊಂದು ಹಂತಕ್ಕೂ ಪೂಜೆ ಮಾಡಿಸಿ ಊರನ್ನು ಒಂದೇ ದಿನಕ್ಕೆ ಗದ್ದೆಗಿಳಿಸುತ್ತಿದ್ದ 'ಮುಂಬಾಕಿ' ಎಂಬ ಪುರೋಹಿತರು ಬೆರಳೆಣಿಕೆಗೆ ಇಳಿದರು.

ಯಾರಿಗಾಗಿ ಉಳಿಸುವುದು?

ಬಂದವರು ಹುಲ್ಲಿನ ಮಾಡಿನ ಮನೆಗಳ ಫೋಟೊ ತೆಗೆಯಲು ಹುಡುಕಾಡುತ್ತಾರೆ, ತಗಡಿನ ಮಾಡು ಕಂಡರೆ ಮುಖ ಸಿಂಡರಿಸುತ್ತಾರೆ. ಕೆಲವು ವರ್ಷಕ್ಕೊಮ್ಮೆ ಹುಲ್ಲು ಹೊದಿಸುವ ಖರ್ಚು, ಬೆಂಕಿಯ ಭಯ ಆ ಮನೆಯವರಿಗೆ ಗೊತ್ತು. ಬೆಟ್ಟ ಹಾಗೆಯೇ ಇರಲಿ, ಜನ ಹಾಗೆಯೇ ಇರಲಿ ಎಂದು ಕೇಳುವುದು ಸುಲಭ. ಎರಡು ಸಾವಿರ ವರ್ಷದ ಕಥೆ ಆ ಕೋರಿಕೆಗೆ ಬೆಂಬಲವಾಗಿ ನಿಲ್ಲುತ್ತದೆ: ಇಷ್ಟು ಕಾಲ ಬದಲಾಗದವರು ಈಗೇಕೆ ಬದಲಾಗಬೇಕು? ಅಗೆತದಿಂದ ತಿಳಿದ ಕಥೆ ಈ ಮಾತಿಗೆ ಉತ್ತರ ಕೊಡುತ್ತದೆ. ಅವರು ಬದಲಾದದ್ದರಿಂದಲೇ ಈ ಗದ್ದೆಗಳು ಹುಟ್ಟಿದವು. ಆಗ ಬದಲಾವಣೆ ಅವರ ಕೈಯಲ್ಲಿತ್ತು, ಅದರ ಲಾಭವೂ ಅವರ ಕಣಜಕ್ಕೇ ಬಂತು.

ಹಾಗಾದರೆ ಉಳಿಸುವ ದಾರಿಯೂ ಅಲ್ಲಿಯೇ ಇರಬೇಕು. ತಿನಾವೊನ್ ಅಕ್ಕಿಯನ್ನು ಹೆಚ್ಚಿನ ಬೆಲೆಗೆ ಹೊರದೇಶಕ್ಕೆ ಕಳಿಸುವ ಪ್ರಯತ್ನ 2000ದ ದಶಕದಲ್ಲಿ ಶುರುವಾಯಿತು. ಇಫುಗಾವೊ ಜನರೇ ಕಟ್ಟಿದ ಸಂಘಟನೆಗಳು ಗೋಡೆಗಳ ದುರಸ್ತಿಗೆ ನೆರವು ತರುತ್ತಿವೆ, ಹುಧುದ್ ಹಾಡನ್ನು ಶಾಲೆಯ ಮಕ್ಕಳಿಗೆ ಕಲಿಸುತ್ತಿವೆ. ಇವು ದೊಡ್ಡ ಪರಿಹಾರಗಳಲ್ಲ. ಆದರೆ ಗದ್ದೆ ಉತ್ತವನಿಗೆ ಗದ್ದೆಯಿಂದಲೇ ಬದುಕು ನಡೆಯಬೇಕು ಎಂಬ ಮೂಲ ಮಾತನ್ನು ಹಿಡಿದಿವೆ. ನೋಡಲು ಬರುವವರ ಹಣ ಹೋಟೆಲಿನವರಿಗೂ ಗಾಡಿಯವರಿಗೂ ಸಿಗುತ್ತದೆ. ಎದುರಿನ ಬೆಟ್ಟದಲ್ಲಿ ಕಲ್ಲು ಹೊರುವವನಿಗೆ ಅದರಲ್ಲಿ ಎಷ್ಟು ಪಾಲು ಎಂಬುದು ಇನ್ನೂ ತೀರ್ಮಾನವಾಗದ ವಿಷಯ.

ಭಾನುವಾರ ಸಂಜೆ ಮನಿಲಾದ ಬಸ್ಸು ಹೊರಡುತ್ತದೆ. ಅದರಲ್ಲಿ ದಣಿದ ಪ್ರವಾಸಿಗರ ಜೊತೆಗೆ, ಪೇಟೆಯ ಕೆಲಸಕ್ಕೆ ಮರಳುವ ಊರಿನ ಹುಡುಗ ಹುಡುಗಿಯರೂ ಇರುತ್ತಾರೆ. ಅವರಲ್ಲಿ ಒಬ್ಬರೋ ಇಬ್ಬರೋ ಗದ್ದೆಗೆ ವಾರಸುದಾರರಾದ ಮೊದಲ ಮಕ್ಕಳು. ಮುಂದಿನ ಚಂಡಮಾರುತಕ್ಕೆ ತಮ್ಮ ಗೋಡೆ ಕುಸಿದರೆ ಅವರು ಹಿಂದಿರುಗಿ ಬರುತ್ತಾರೆಯೇ, ಬಂದರೆ ಕಟ್ಟಲು ಗೊತ್ತಿರುತ್ತದೆಯೇ, ಕಟ್ಟಿದ್ದಕ್ಕೆ ಫಲ ಸಿಗುತ್ತದೆಯೇ ಎಂಬುದರ ಮೇಲೆ ಈ ಮೆಟ್ಟಿಲುಗಳ ಉಳಿವು ನಿಂತಿದೆ.